ಕಲಕದ ನೀರು

ನನ್ನ ಟ್ರ್ಯಾಕ್ಟರಿಗೆ ತಾಸಿನ ಲೆಕ್ಕ.
ಸೇಡಂ ರಸ್ತೆಯ ಎಡಕ್ಕೂ ಬಲಕ್ಕೂ
ಯಾರ ಹೊಲ ಎಷ್ಟು ತಾಸು ನುಂಗುತ್ತದೆ
ಡೈರಿ ತೆಗೆಯದೆ ಹೇಳಬಲ್ಲೆ:
ಮಠಪತಿಯವರದು ಆರು,
ಹಳ್ಳದ ದಂಡೆಯ ಪಟ್ಟಿ ಮೂರೂವರೆ,
ಚಂದಮ್ಮನದು ಎರಡು.

ಎರಡು ಅಂತ ಬರೆದಿಟ್ಟಿದ್ದೆ.
ಮೂರು ವರ್ಷದ ಹಿಂದಿನ ಮಾಗಿಯಲ್ಲಿ
ಪಲ್ಟಿ ನೇಗಿಲು ಜೋಡಿಸಿಕೊಂಡು ಅವಳ ಬದುವಿಗೆ ಹೋಗಿ ನಿಂತರೆ
ತೊಗರಿ ಕೂಳೆ ಹಂಗೇ ಇತ್ತು, ಮೊಣಕಾಲೆತ್ತರ.
ಉದುರಿದ ಎಲೆ ಹಂಗೇ, ಹಳೆ ಜೋಳದ ರವದಿ ಹಂಗೇ.
ನಡುವೆ ಕುಕ್ಕರಗಾಲಲ್ಲಿ ಕೂತು ಏನೋ ಹುಡುಕುತ್ತಿದ್ದಳು.
ಕಿವಿಯೋಲೆ ಕಳೆದಿರಬೇಕು ಅಂದುಕೊಂಡೆ.

"ಈ ವರ್ಸ ಬ್ಯಾಡ ದಸ್ತಗೀರಣ್ಣ.
ಮುಂದಿನ ವರ್ಸನೂ ಬ್ಯಾಡ."

ಎರೆಹುಳದ ಹಿಕ್ಕೆ ಎಣಿಸುತ್ತಿದ್ದಳು.
ಎರಡೇ ಸಿಕ್ಕಿದ್ದವು.

ಊರು ನಕ್ಕಿತು. ನಾನು ಇನ್ನಷ್ಟು ಜೋರಾಗಿ,
ಬಾಡಿಗೆ ಕಳಕೊಂಡವನು ನಾನಲ್ಲವೇ.
ಚಾದಂಗಡಿಯಲ್ಲಿ ಕೂತು ಮಾಗಿಗೊಮ್ಮೆ ಅನ್ನುತ್ತಿದ್ದೆ:
ಹೊಲ ಹರಗದವಳೂ ಒಂದೇ, ತಲೆ ಬಾಚದವಳೂ ಒಂದೇ.

ಮಾತು ನಿಧಾನಕ್ಕೆ ನಡೆದು ಅವಳ ಮನೆ ಮುಟ್ಟಿತು.
ಈ ಸಲ ಮಿರಗದ ಮಳೆ ಬಿಟ್ಟ ವಾರಕ್ಕೆ ಬಂದಳು,
ಸೆರಗಿನ ಗಂಟಿನಲ್ಲಿ ಎರಡು ಒಣ ಹೆಂಟೆ.
ಒಂದು ಅವಳದು.
ಇನ್ನೊಂದು, ನಾನೇ ಉತ್ತು, ಮತ್ತೆ ಉತ್ತು,
ರೋಟಾವೇಟರ್ ಹೊಡೆದು ರವೆ ಮಾಡಿ ಕೊಟ್ಟ,
ಒಂದೇ ಮಳೆಗೆ ಹೆಪ್ಪುಗಟ್ಟಿದ ಮಠಪತಿಯವರ ಮಣ್ಣು.
"ಎರಡು ಗ್ಲಾಸ್ ನೀರು ಇಡು ಮೌಲಾ. ಚಾ ಬ್ಯಾಡ."

ಶಹಾಬಾದಿ ಕಲ್ಲಿನ ಕಟ್ಟೆ. ಎರಡು ಗ್ಲಾಸು.

ಮೊದಲನೆಯದು ತಳ ಮುಟ್ಟುವ ಮುಂಚೆ ಬಿಚ್ಚಿಕೊಂಡಿತು,
ಪಾಟಿ ಸವಾಲಿಗೆ ಸಿಕ್ಕ ಸುಳ್ಳು ಸಾಕ್ಷಿ.
ವರ್ಷವರ್ಷವೂ ಕಾಗಿಣಾಕ್ಕೆ ನಾವು ಕಳಿಸುವ
ಅದೇ ಬಣ್ಣ, ಗ್ಲಾಸಿನ ತುಂಬ.

ಎರಡನೆಯದು ಕೂತಿತು.
ಪೂರ್ತಿ ಅಲ್ಲ; ಹೆಗಲ ಕಡೆ ಒಂದು ಚಿಟಿಕೆ ಉದುರಿತು.
ಒಂದು ಗುಳ್ಳೆ ಬಿಟ್ಟಿತು, ಸ್ವಲ್ಪ ಹೊತ್ತಿಗೆ ಇನ್ನೊಂದು.
ಹಿಡಿದುಕೊಂಡದ್ದು ಏನು?
ಕೂದಲಿಗಿಂತ ಸಣ್ಣ ಬೇರು,
ಬೂಷ್ಟಿನ ಬಿಳಿ ನೂಲು,
ಹುಳದ ಜೊಲ್ಲು.
ನೀರು ತಿಳಿಯಾಗಿಯೇ ಇತ್ತು. ಅದರಾಚೆ
ಚಂದಮ್ಮನ ಬೆರಳು ದಪ್ಪಗೆ ಕಂಡವು.

ಮೌಲಾನ ಸ್ಟೋವ್ ಒಂದೇ ಮಾತಾಡುತ್ತಿತ್ತು.

"ತಲಿ ಬಾಚೋದು ಇರಲಿ. ಮ್ಯಾಲ ಸಡಿಲ ಮಾಡ್ತಿ, ಖರೆ.
ಕೆಳಗ ಏನ್ ಮಾಡಿ ಹೋಗ್ತಿ, ಒಮ್ಮೆರ ನೋಡಿಯೇನು?"

ಸಂಜೆ ಹಾರೆ ತಗೊಂಡು ನನ್ನದೇ ಹೊಲಕ್ಕೆ ಹೋದೆ.
ಗೇಣುದ್ದ ಸಲೀಸಾಗಿ ಇಳಿಯಿತು.
ಆಮೇಲೆ ಟಣ್.
ಶಹಾಬಾದಿ ಫರಸಿಯೇ. ಆದರೆ ಖಾಣಿಯಿಂದ ಬಂದದ್ದಲ್ಲ,
ನನ್ನ ಟೈರು ತುಳಿತುಳಿದು ಹಾಸಿದ್ದು
ಇಪ್ಪತ್ತು ವರ್ಷ, ತಾಸಿನ ಲೆಕ್ಕದಲ್ಲಿ.
ಹೋದ ವರ್ಷದ ತೊಗರಿಯ ತಾಯಿಬೇರು ಅಲ್ಲಿತನಕ ಬಂದು
ಬೀಗ ಹಾಕಿದ ಮನೆ ಕಂಡ ನೆಂಟನಂತೆ
ಅಡ್ಡಕ್ಕೆ ಹೊರಳಿತ್ತು.

ಎರೆ ಅಂದರೆ ನಮ್ಮ ಕಪ್ಪು ನೆಲ.
ಎರೆ ಅಂದರೆ ಹುಳ.
ಕೂಸಿನ ತಲೆಗೆ ನೀರು ಹೊಯ್ಯುವುದಕ್ಕೂ ಎರೆಯುವುದೇ ಅಂತಾರೆ.
ಒಂದೇ ಮಾತಿನೊಳಗೆ ಮೂವರು ಕೂಡಿ ದುಡಿಯುತ್ತಿದ್ದರು,
ನಾನು ಡೀಸೆಲ್ ಹಾಕಿಕೊಂಡು ನಡುವೆ ಹಾಯುತ್ತಿದ್ದೆ.

ಇಷ್ಟಾದ ಮೇಲೂ
ನಿನ್ನೆ ಮಠಪತಿಯವರ ಫೋನ್ ಬಂತು, ಹೋದೆ.
ಹೊಟ್ಟೆ ಅದ. ಆರು ತಾಸು.
ಟೂಲ್‌ಬಾಕ್ಸಿನಲ್ಲಿ ಪಾನಾ, ಗ್ರೀಸು, ಜೊತೆಗೆ
ಮೌಲಾನ ಹತ್ತಿರ ಹತ್ತು ರೂಪಾಯಿಗೆ ಕೊಂಡ ಗ್ಲಾಸು.
ಸಾಲು ತಿರುಗುವ ಕಡೆ ಇಂಜಿನ್ ಬಂದ್ ಮಾಡಿ
ಬಾಟಲಿಯ ನೀರು ಬಗ್ಗಿಸಿ ಒಂದು ಹೆಂಟೆ ಬಿಡುತ್ತೇನೆ.
ಕಲಕುತ್ತದೆ.
ಎಷ್ಟು ಎಣಿಸುವಷ್ಟರಲ್ಲಿ ಕಲಕಿತು ಅನ್ನುವುದನ್ನು
ಡೈರಿಯಲ್ಲಿ, ತಾಸಿನ ಪಕ್ಕಕ್ಕೇ, ಬರೆದಿಡುತ್ತೇನೆ.